ತೋರಿಕೆಗೆ ಹೂಡಿದ ಒಲೆ

ಒಲೆ ಹೊಸದೆಂದು ಗೊತ್ತಾಗಬಾರದೆಂದು ಮಾದೇಶ ಬೆಳಿಗ್ಗೆಯಿಂದ ಮೂರು ಕಲ್ಲಿಗೂ ಮಸಿ ಬಳಿಯುತ್ತಿದ್ದ. ಮಸಿ ಪಕ್ಕದ ತೋಟದವರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನದು. ಬಳಿಯುವ ಗೋಣಿಚೂರೂ ಅಲ್ಲಿಯದೇ. ಅವನೂ ಹೆಂಡತಿ ಸುಧಾಳೂ ಕೂಲಿಗೆ ಹೋಗುವುದು ಅಲ್ಲಿಗೇ. ಗ್ರಾಮಲೆಕ್ಕಿಗ ಷಣ್ಮುಖಪ್ಪ ರಾವಂದೂರಿನಿಂದ ಬರುವುದರೊಳಗೆ, ಅವ್ವ ಸಿದ್ದಲಿಂಗಮ್ಮ ಈ ಜಗಲಿಯ ಮೂಲೆಯಲ್ಲಿ ವರ್ಷಗಟ್ಟಲೆ ಒಬ್ಬಳೇ ಬೇಯಿಸಿಕೊಂಡು ತಿಂದಂತೆ ಕಾಣಬೇಕಿತ್ತು.

ಅಂದು ಅವ್ವನ ಪಿಂಚಣಿಯ ವಿಚಾರಣೆ. ಹೆತ್ತ ಮಗ ಅನ್ನ ಹಾಕುತ್ತಿಲ್ಲವೆಂದು ಖಾತ್ರಿಯಾದರೆ ಸರ್ಕಾರ ತಿಂಗಳಿಗೆ ನಾನೂರು ಕೊಡುತ್ತದೆ. ಹಾಕುತ್ತಿದ್ದಾನೆ ಅಂದರೆ, ಇರುವುದನ್ನೇ ಮೂವರೂ ಹಂಚಿಕೊಂಡು ಅರೆಹೊಟ್ಟೆಯಲ್ಲಿ ಮರ್ಯಾದಸ್ಥರಾಗಿ ಇರಬಹುದು.

“ಅವ್ರು ಕೇಳುದ್ರೆ, ಮಗ ಅನ್ನ ಇಕ್ಕಲ್ಲ ಅಂತ ಹೇಳ್ಬೇಕು ಕಣವ್ವ. ನಗಬ್ಯಾಡ ಮತ್ತೆ.”

“ನೀನು ತಲೆ ಬಗ್ಗಿಸ್ಕಂಡು ನಿಂತ್ಕ. ಮಿಕ್ಕಿದ್ದು ನಂಗ್ ಬುಡು.”

ಷಣ್ಮುಖಪ್ಪ ಬೈಕು ನಿಲ್ಲಿಸಿ ಬಂದವನೇ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಲ್ಲಿಗೆ ಬೆರಳು ಹಚ್ಚಿ ಮೂಸಿ ನೋಡಿದ.

“ಹೊಗೆಸೊಪ್ಪಿನ ವಾಸ್ನೆ. ಇದ್ರಲ್ಲಿ ಏನ್ ಬೇಯಿಸ್ಕೊತೀರಿ ಅಜ್ಜಿ, ಬೀಡಿನಾ?”

ಮಾದೇಶ ಮಸಿಯ ಕೈಯನ್ನು ಪಂಚೆಗೆ ಒರೆಸಿಕೊಂಡ. ಸಿದ್ದಲಿಂಗಮ್ಮ ಅಲುಗಲಿಲ್ಲ. “ಬಡವ್ರ ಸಾರು ಸ್ವಾಮಿ. ಎಂಗ್ ಬೇಕಾದ್ರೂ ನಾರ್ತದೆ.”

“ಸೊಸೆ ಊಟ ಹಾಕಲ್ವಾ?”

ಸುಧಾ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಗಂಡ ಹೇಳಿಕೊಟ್ಟಂತೆ ಇಲ್ಲ ಎನ್ನಬೇಕಿತ್ತು. ಹಿಂದಿನ ದಿನವೂ ಅತ್ತೆಗೆ ಬಡಿಸಿಯೇ ತಾನು ಉಂಡವಳು ಅವಳು. ಅವಳ ಪರವಾಗಿ ಅತ್ತೆಯೇ ಹೇಳಿದಳು. “ಇಕ್ಕಲ್ಲ ಸ್ವಾಮಿ. ಇಕ್ಕುದ್ರೂ ಉಪ್ಪಿರಲ್ಲ.”

ಷಣ್ಮುಖಪ್ಪ ಕೆಮ್ಮಿದಂತೆ ಮಾಡಿ, ಏನೋ ಬರೆದುಕೊಂಡು ಹೋದ. ಬೈಕಿನ ಸದ್ದು ಅಡಗಿದ ಮೇಲೆ ಸುಧಾ ಹೊರಗೆ ಬಂದಳು.

“ಇಕ್ಕಲ್ಲ ಅನ್ನೋದು ನಿಮ್ ಮಗ ಹೇಳ್ಕೊಟ್ಟಿದ್ದು. ಉಪ್ಪಿರಲ್ಲ ಅನ್ನೋದು ಯಾರು ಹೇಳ್ಕೊಟ್ಟಿದ್ದು ಅತ್ತೆ?”

“ಅದನ್ನ ಯಾರೂ ಹೇಳ್ಕೊಡ್ಲಿಲ್ಲ ಕಣಮ್ಮಿ. ಅದು ನನ್ದೇಯ.”

ಅಂದಿನ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಸಿದ್ದಲಿಂಗಮ್ಮ ತಟ್ಟೆ ಬಳಿದು ಉಂಡಳು.

ಮೊದಲ ಪಿಂಚಣಿ ಕೈಗೆ ಬಂದ ದಿನ ಮಾದೇಶ ಒಲೆಯ ಕಲ್ಲು ಕೀಳಲು ಹೋದ. ಅವ್ವನನ್ನು ಜಗಲಿಗೆ ತಳ್ಳಿದ ಮಗ ಎಂದು ಊರಲ್ಲಿ ಆಗಲೇ ಮಾತು ಎದ್ದಿತ್ತು. ಟೀ ಅಂಗಡಿಯವನು ಕೂಡ ಅವನನ್ನು ಕಂಡರೆ, “ನಿಮ್ಮವ್ವಂಗೂ ಒಂದು ಕಟ್ಕೊಡ್ಲಾ ಮಾದೇಶ? ಪಾಪ, ಒಬ್ಳೇ ಇರ್ತಾಳೆ” ಎನ್ನುತ್ತಿದ್ದ.

ಸಿದ್ದಲಿಂಗಮ್ಮ ಒಲೆಗೆ ಅಡ್ಡ ಕೂತಳು. ಮಡಿಲಲ್ಲಿ ಅಂಗಡಿಯಿಂದ ತಾನೇ ಆರಿಸಿ ತಂದ ಅವರೆಕಾಳು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಒಂದು ಪೊಟ್ಟಣ ಕಲ್ಲುಪ್ಪು.

“ಇರ್ಲಿ ಬುಡ್ಲಾ. ನಿನ್ನೆಂಡ್ತಿ ಕೈಗೆ ಸೌಟು ಕೊಟ್ಟ ಮ್ಯಾಲೆ ನಾನು ಒಲೆ ಮುಟ್ಟಿಲ್ಲ. ಒಂದ್ಸಲ ಹಚ್ಚಿ ನೋಡಾನ.”

“ಜನ ಏನಂದಾರು ಅವ್ವ?”

“ಅನ್ನದೆಲ್ಲ ಅಂದಾಯ್ತಲ್ಲ. ಉಪ್ಸಾರು ಮಾಡುದ್ರೆ ಇನ್ನೇನು ಮಿಕ್ಕದೆ ಅನ್ನಕ್ಕೆ?”

ಆ ಸಂಜೆ ಉಪ್ಸಾರಿನ ಖಾರದ ಘಾಟು ಗೋಡೆ ದಾಟಿ ಒಳಗೆ ಹೋಯಿತು. ಮಾದೇಶ ಚಳಿ ಎಂದು ನೆವ ಹೇಳಿ ಬೆಂಕಿಯ ಹತ್ತಿರ ಬಂದು ಕೂತ. ಅದು ಕಡು ಬೇಸಿಗೆ. ಸುಧಾ ತಡೆದಳು, ಇನ್ನೂ ತಡೆದಳು, ಕೊನೆಗೆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, “ಅತ್ತೆ, ನಿಮ್ ಖಾರ ಒಂಚೂರು ಕೊಡಿ. ನಂಗಲ್ಲ, ಇವ್ರಿಗೆ” ಎಂದಳು. ‘ಇವರು’ ಆಗಲೇ ಅಲ್ಲಿ ಕೂತು ಬೆರಳು ನೆಕ್ಕುತ್ತಿದ್ದರು.

ಮಳೆಗಾಲ ಹಿಡಿದು ಹೊಗೆಸೊಪ್ಪಿನ ಕೆಲಸ ಜೋರಾಯಿತು. ಕೂಲಿಯಿಂದ ಬಂದ ಗಂಡಹೆಂಡಿರು ಒಳಗೆ ಹೋಗುವುದನ್ನೇ ಬಿಟ್ಟು ಜಗಲಿಯಲ್ಲೇ ಕೈ ತೊಳೆದರು. ಒಳಗಿನ ಒಲೆಯಲ್ಲಿ ಬೆಕ್ಕು ಮರಿ ಹಾಕಿತು.

ಇಂಥದೊಂದು ಸಂಜೆ ಷಣ್ಮುಖಪ್ಪ ಮರುವಿಚಾರಣೆಗೆಂದು ಹೇಳದೆ ಕೇಳದೆ ಬಂದು ನಿಂತ. ಮಾದೇಶನ ಬಾಯಲ್ಲಿ ಮುದ್ದೆಯ ತುತ್ತಿತ್ತು. ಅದು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಸುಧಾ ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದಳು. ಸಾರು ಸೀರೆಗುಂಟ ಇಳಿಯಿತು.

“ಏನಯ್ಯ, ಬೇರೆ ಬೇರೆ ಅಂದಿದ್ರಿ. ಈಗ ನೋಡುದ್ರೆ ಮೂರು ಜನವೂ ಒಂದೇ ಒಲೆ ಮುಂದೆ ಕೂತಿದ್ದೀರಿ. ಇದನ್ನ ಬರೆದು ಕಳಿಸಿದ್ರೆ ಅಜ್ಜಿ ದುಡ್ಡು ನಿಂತೋಗುತ್ತೆ, ಗೊತ್ತಾ?”

ಮಾದೇಶ ಅವ್ವನ ಮುಖ ನೋಡಿದ. ಸಿದ್ದಲಿಂಗಮ್ಮ ಸೌಟನ್ನು ಮಡಕೆಯ ಅಂಚಿಗೆ ಬಡಿದು ಕೊಡವಿದಳು.

“ಅವ್ನು ನಂಗೆ ಅನ್ನ ಇಕ್ಕಬಾರ್ದು ಅಂತ ತಾನೆ ಸ್ವಾಮಿ ನಿಮ್ ಕಾನೂನು? ಅವ್ನು ಇಕ್ತಾ ಇಲ್ಲ, ನೀವೇ ನೋಡ್ತಾ ಇದ್ದೀರಿ. ನಾನು ಅವ್ನಿಗೆ ಇಕ್ಕಬಾರ್ದು ಅಂತ ಎಲ್ಲದೆ, ತೋರ್ಸಿ.”

ಷಣ್ಮುಖಪ್ಪ ಬಗ್ಗಿ ಒಲೆಕಲ್ಲಿಗೆ ಬೆರಳು ಹಚ್ಚಿ ಮೂಸಿ ನೋಡಿದ. ಆಮೇಲೆ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಚಪ್ಪಲಿ ಕಳಚಿ, ಕೈ ತೊಳೆಯಲು ನೀರು ಕೇಳಿದ.