ಗೆದ್ದ ಮೇಲ್ಮನವಿ

ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದ ಪ್ರಫುಲ್ಲಾಗೆ, ಹತ್ತಿರ ಯಾರೂ ಇಲ್ಲದಾಗಲೂ ದನಿಗಳು ಕೇಳತೊಡಗಿ ಕೆಲಸ ತಪ್ಪಿಹೋಯಿತು. ಅಂಗವಿಕಲರ ಮಾಸಾಶನ ಕೇಳಿದರೆ, "ಕೈಕಾಲು ನೆಟ್ಟಗಿದಾವಲ್ಲಮ್ಮ, ದುಡಿದು ತಿನ್ನು" ಎಂದು ಅಧಿಕಾರಿ ಅರ್ಜಿ ತಿರಸ್ಕರಿಸಿದ. ಅವಳು ಆಸೆ ಬಿಟ್ಟಳು. ಆದರೆ ಗಂಡ ಲೋಕೇಶ ಬಿಡಲಿಲ್ಲ. ಕೆಲಸಕ್ಕೆ ರಜೆ ಹಾಕಿ ಕಚೇರಿಗಳಿಗೆ ಅಲೆದು ಮೇಲ್ಮನವಿ ಹಾಕಿಸಿದ.

ವೈದ್ಯರ ಮಂಡಳಿಯ ಮುಂದೆ ಅವನೇ ಹೇಳಿದ: "ಒಲೆ ಉರೀತಿರೋದೂ ಇವಳಿಗೆ ಗೊತ್ತಾಗಲ್ಲ ಸಾರ್. ಮಗೂನ ಒಂದು ಗಳಿಗೆ ಇವಳ ಹತ್ರ ಬಿಡೋಕೆ ಭಯ."

"ಹಾಗೆಲ್ಲ ಇಲ್ಲ ರೀ" ಎಂದು ಅವಳು ಪಿಸುಗುಟ್ಟಿದಳು.

"ಸುಮ್ನಿರು. ಇಲ್ಲ ಅಂದ್ರೆ ಈ ಸಲಾನೂ ಕೊಡಲ್ಲ" ಎಂದು ಅವನು ಅವಳ ಕಿವಿಯಲ್ಲಿ ಹೇಳಿದ.

ಹಿರಿಯ ವೈದ್ಯರು ಅವಳತ್ತ ತಿರುಗಿದರು. "ನಿಜವೇನಮ್ಮ?"

ಅವಳು ತಲೆ ತಗ್ಗಿಸಿ ಹೂಂ ಎಂದಳು.

ಮೇಲ್ಮನವಿ ಗೆದ್ದಿತು. ತೀವ್ರ ಮಾನಸಿಕ ಅಸ್ವಸ್ಥತೆ ಎಂಬ ಪ್ರಮಾಣಪತ್ರ ಹಿಡಿದು ಹೊರಬಂದಾಗ, ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಮೂಡಿತು. ಗಂಡ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಅಲ್ಲೇ ನಿಂತು ಫೋನು ಮಾಡಿದ.

"ಲಾಯರ್ರೇ, ಕೈಗೆ ಬಂತು. ಇನ್ನು ಡೈವೋರ್ಸ್ ಕೇಸು ಹಾಕಿ. ಮಗು ನನಗೇ ಸಿಗುತ್ತೆ ಅಲ್ವಾ?"