ಕೊನೆಯವರು ತಿರುವು ದಾಟುವ ತನಕ

ಗಂಟೆ ಒಂಬತ್ತೂವರೆಯಾದರೂ ಅಜ್ಜಿ ಬಾಯಿ ತೆರೆಯಲಿಲ್ಲ.

ಹೊಸ ಪ್ರಾರ್ಥನಾ ಮಂದಿರದಲ್ಲಿ ಅದು ಮೊದಲ ಭಾನುವಾರ. ಗೋಡೆಯ ಸಿಮೆಂಟು ಇನ್ನೂ ಹಸಿ ವಾಸನೆ ಹೊಡೆಯುತ್ತಿತ್ತು. ಊರಿನವರೆಲ್ಲ ಚಾಪೆಯ ಮೇಲೆ. ಏಳು ಸಮುದ್ರ ದಾಟಿ ಬಂದು ಹತ್ತು ದಿನ ಇಟ್ಟಿಗೆ ಹೊತ್ತಿದ್ದ ಎಂಟು ಮಂದಿ ಅತಿಥಿಗಳು ಕುರ್ಚಿಗಳ ಮೇಲೆ. ಮೊದಲ ಹಾಡು ಎತ್ತಬೇಕಾದವಳು ಅಜ್ಜಿ. ಅವಳು ಎತ್ತದೆ ಇಲ್ಲಿ ಯಾರೂ ತುಟಿ ಬಿಚ್ಚುವವರಲ್ಲ. ಅವಳೋ ಹೊಸ ಕಿಟಕಿಯ ಕೆಳಗೆ, ಮುಖ ಊದಿಸಿಕೊಂಡು, ಬರಿಗೋಡೆಯನ್ನು ದಿಟ್ಟಿಸುತ್ತ ಕೂತಿದ್ದಳು.

“ಅಜ್ಜಿ, ಶುರು ಮಾಡು,” ಎಂದು ಪಿಸುಗುಟ್ಟಿದಳು ಮೊಮ್ಮಗಳು. ಅವಳು ಶಾಲೆಯ ಟೀಚರ್. ಅತಿಥಿಗಳ ಭಾಷೆ ಬರುತ್ತಿದ್ದದ್ದು ಅವಳೊಬ್ಬಳಿಗೇ. “ಊಟ ಆದ ಕೂಡಲೇ ಅವರು ಹೊರಡ್ಬೇಕು.”

“ಬೇಕರಿಯವನು ಬರ್ತಿದಾನೋ ಇಲ್ವೋ, ನನಗೆ ಹೇಗೆ ಗೊತ್ತಾಗ್ಬೇಕು?”

“ನಾನು ಎದ್ದು ನೋಡಿ ಹೇಳ್ಲಾ?”

“ಇನ್ಮೇಲೆ ವಾರವಾರ ನನ್ನ ತಲೆ ಮೇಲೊಬ್ಬಳನ್ನ ಕಾವಲು ನಿಲ್ಲಿಸ್ತೀಯಾ? ಈ ಕಿಟಕಿ ಯಾರಿಗೇಂತ ಮಾಡಿದ್ದು, ಜಿರಾಫೆಗಾ?”

“ಏನಂತೆ?” ಪಕ್ಕದ ಕುರ್ಚಿಯಿಂದ ಬಡಗಿ ಬಗ್ಗಿ ಕೇಳಿದ. ಅತಿಥಿಗಳಲ್ಲಿ ಎಲ್ಲರಿಗಿಂತ ಉದ್ದದ ಆಳು ಅವನೇ.

“ನಿಮ್ಮ ಕಿಟಕಿ ತುಂಬ ಚೆನ್ನಾಗಿದೆಯಂತೆ,” ಎಂದಳು ಟೀಚರ್.

ಬಡಗಿಯ ಮುಖ ಅರಳಿತು. ಹತ್ತು ದಿನದಲ್ಲಿ ನಾಲ್ಕು ದಿನ ಆ ಕಿಟಕಿಗೇ ಹೋಗಿತ್ತು. ಕುರ್ಚಿ ಹಾಕಿಕೊಂಡು ಕೂತು, ಕಣ್ಣಿನ ಮಟ್ಟ ನೋಡಿ, ಪೆನ್ಸಿಲಿನಲ್ಲಿ ತಾನೇ ಗುರುತು ಹಾಕಿ ಎತ್ತರ ನಿಲ್ಲಿಸಿದ್ದ. ಆದರೆ ಅಜ್ಜಿಯದು ಹೊಗಳುವವರ ಮುಖವಲ್ಲ; ಅದಕ್ಕೆ ಭಾಷೆ ಬರಬೇಕಾಗಿರಲಿಲ್ಲ.

“ನಿಜ ಹೇಳಿ ಟೀಚರ್.”

ಟೀಚರ್ ಹೇಳಿಯೇಬಿಟ್ಟಳು. “ಮೊದಲು ಪ್ರಾರ್ಥನೆ ನಡೀತಿದ್ದ ಹಳೇ ಶೆಡ್ಡಲ್ಲಿ ಅಜ್ಜಿ ಕೂರ್ತಿದ್ದ ಕಡೆ ಒಂದು ಕಿಂಡಿ ಇತ್ತು, ಮೊಣಕಾಲಿನ ಎತ್ತರಕ್ಕೆ. ಅದರಿಂದ ರಸ್ತೆ ತಿರುವು ಕಾಣ್ತಿತ್ತು. ಕೊನೆಯವರು ತಿರುವು ದಾಟಿದ ಮೇಲೇ ಹಾಡು. ಬೇಕರಿಯವನು ಒಲೆ ಆರಿಸಿ ಬರೋಷ್ಟರಲ್ಲಿ ಯಾವಾಗಲೂ ತಡ. ಆದರೂ ಹಾಡಿನ ಜೊತೆಗೇ ಒಳಗೆ ಬರ್ತಾನೆ. ತಡ ಮಾಡಿದ ಅಂತ ಇವತ್ತಿನ ತನಕ ಯಾರೂ ಅವನನ್ನ ತಿರುಗಿ ನೋಡಿಲ್ಲ.”

ಬಡಗಿ ತಟ್ಟನೆ ಎದ್ದು ತನ್ನ ಕುರ್ಚಿಯನ್ನು ಅಜ್ಜಿಯ ಮುಂದೆ ಸರಿಸಿದ. ಅಜ್ಜಿ ಅದನ್ನು ಪಾದದಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದಳು. “ಕಾಲು ನೇತಾಡ್ತಿದ್ರೆ ನನಗೆ ದನಿ ಏಳಲ್ಲ.”

ಆಗ ಅವನು, ಈ ಹತ್ತು ದಿನದಲ್ಲಿ ಮೊದಲ ಬಾರಿಗೆ, ನೆಲದ ಮೇಲೆ ಕೂತ. ಉದ್ದ ಕಾಲುಗಳನ್ನು ಹೇಗೋ ಮಡಚಿ ಅಜ್ಜಿಯ ಪಕ್ಕದಲ್ಲಿ ಕತ್ತೆತ್ತಿದರೆ, ಕಂಡದ್ದು ಇಟ್ಟಿಗೆ, ಇಟ್ಟಿಗೆ, ಆಮೇಲೆ ಕರವಸ್ತ್ರದಷ್ಟು ಆಕಾಶ.

ಅವನು ಅಜ್ಜಿಯ ಮಗನ ಕಡೆ ತಿರುಗಿದ. ಗೋಡೆ ಎಬ್ಬಿಸಿದ ಮೇಸ್ತ್ರಿ ಆತನೇ. “ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು,” ಮೇಸ್ತ್ರಿ ತಲೆ ಕೆರೆದುಕೊಂಡ. “ಅಷ್ಟು ದೂರದಿಂದ ಬಂದು, ಇಷ್ಟು ಆಸೆಯಿಂದ ಮಾಡ್ತಿದ್ರಿ. ಹೇಳೋಕೆ ಬಾಯಿ ಬರಲಿಲ್ಲ.”

ಇದನ್ನು ಮಾತ್ರ ಟೀಚರ್ ಒಂದಕ್ಷರ ಬಿಡದೆ ದಾಟಿಸಿದಳು.

ಬಡಗಿ ಎದುರಿನ ಇಟ್ಟಿಗೆಗಳನ್ನು ಬೆರಳಿನಿಂದ ತಟ್ಟಿ ನೋಡಿದ. “ಕಿಟಕಿ ಕೆಳಗಿನದನ್ನ ಒಡೆದ್ರೆ ಗೋಡೆ ಬೀಳುತ್ತಾ?”

“ಬೀಳಲ್ಲ. ಭಾರ ಎಲ್ಲ ಆಚೀಚೆ ನಿಂತಿದೆ. ಆದ್ರೆ ಇವತ್ತು ಭಾನುವಾರ…” ಮೇಸ್ತ್ರಿ ತಾಯಿಯ ಮುಖ ನೋಡಿದ.

“ಭಾನುವಾರ ಯಾಕೆ ಕೆಲಸ ಮಾಡಿದೆ ಅಂತ ಮೇಲಿನವನು ಕೇಳಿದ್ರೆ ನನ್ನ ಹೆಸರು ಹೇಳು,” ಎಂದಳು ಅಜ್ಜಿ. “ಸುತ್ತಿಗೆ ತಗೊಂಡು ಬಾ.”

ಚಾಪೆಗಳು ಸುತ್ತಿಕೊಂಡವು. ಹಬ್ಬದ ಅಂಗಿಗಳ ತೋಳು ಮೇಲೇರಿದವು. ಒಂದು ಕಡೆಯಿಂದ ಬಡಗಿ, ಇನ್ನೊಂದು ಕಡೆಯಿಂದ ಮೇಸ್ತ್ರಿ, ಮೊನ್ನೆ ಕೈಯಾರೆ ಕಟ್ಟಿದ್ದನ್ನು ಕೈಯಾರೆ ಕೆಡವಿದರು. ಕುರ್ಚಿಯವರೂ ಚಾಪೆಯವರೂ ಒಂದೇ ಸಾಲಿನಲ್ಲಿ ನಿಂತು ಇಟ್ಟಿಗೆಗಳನ್ನು ಕೈಯಿಂದ ಕೈಗೆ ಹೊರಗೆ ಸಾಗಿಸಿದರು. ಅಷ್ಟರಲ್ಲಿ ಹುಬ್ಬಿನ ತುಂಬ ಹಿಟ್ಟು ಮೆತ್ತಿಕೊಂಡ ಬೇಕರಿಯವನು ಬಾಗಿಲಲ್ಲಿ ಬೆಪ್ಪಾಗಿ ನಿಂತ.

“ಇನ್ನೂ ಶುರುವಾಗಿಲ್ವಾ? ನಾನು ಬೇಗ ಬಂದ್ಬಿಟ್ನಾ?”

“ಹುಟ್ಟಿದ ಮೇಲೆ ಇವತ್ತೇ ಮೊದಲು,” ಎಂದಳು ಅಜ್ಜಿ. “ನಿಂತು ನೋಡ್ಬೇಡ, ಇಟ್ಟಿಗೆ ಹಿಡಿ.”

ಐದು ಸಾಲು ಇಟ್ಟಿಗೆ ಹೋದ ಮೇಲೆ, ನುಣುಪಾದ ಚೌಕಟ್ಟಿನ ಕೆಳಗೆ ಒಂದು ಬೊಚ್ಚು ಬಾಯಿ ತೆರೆದುಕೊಂಡಿತು. ಅಂಚು ನೇರವಿಲ್ಲ, ಗಾರೆಯಿಲ್ಲ. ಬಡಗಿ ಅದನ್ನು ನೋಡಿ ನಿಟ್ಟುಸಿರುಬಿಟ್ಟ, ಮರುಕ್ಷಣ ನಕ್ಕ. ತಲೆಯಿಂದ ಕಾಲಿನ ತನಕ ಧೂಳಾಗಿದ್ದ ಅವನು ಮುಖ ತೊಳೆಯಲು ಹೊರಟ. ನಲ್ಲಿ ಇದ್ದದ್ದು ತಿರುವಿನ ಆಚೆ.

ಕೊರಳು, ಕಿವಿ, ಉಗುರುಸಂದು ಎಲ್ಲ ತೊಳೆದು ತಲೆಯೆತ್ತಿದಾಗ ಸುತ್ತಿಗೆಯ ಸದ್ದಿಲ್ಲ, ಮಾತಿಲ್ಲ. ಗಡಿಯಾರ ನೋಡಿಕೊಂಡ. ಹತ್ತೂಮುಕ್ಕಾಲು. ಪ್ರಾರ್ಥನೆ ಶುರುವಾಗಿಯೇ ಹೋಯಿತು ಎಂದುಕೊಂಡು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸುತ್ತ ದಾಪುಗಾಲು ಹಾಕಿದ.

ತಿರುವು ದಾಟಿದ. ಮುರಿದ ಇಟ್ಟಿಗೆಗಳ ಮೇಲೆ ಗಲ್ಲ ಊರಿಕೊಂಡು, ಕಿಂಡಿಯ ತುಂಬ ಅಜ್ಜಿಯ ಮುಖ.

ಅವನು ಕೈಯೆತ್ತಿದ. ಅಜ್ಜಿ ಅವನ ಭುಜದಾಚೆ, ರಸ್ತೆಯ ತುದಿಯ ತನಕ, ಒಮ್ಮೆ ಸಾವಕಾಶವಾಗಿ ಕಣ್ಣಾಡಿಸಿದಳು. ಅವನ ಹಿಂದೆ ಯಾರೂ ಇರಲಿಲ್ಲ. ಆಮೇಲೆ ಉಸಿರು ತುಂಬಿಕೊಂಡು ಬಾಯಿ ತೆರೆದಳು.