ತೆನೆಯ ತೋರಣ

ಮಂಡ್ಯದ ಕಾಲುವೆ ಇಂಜಿನಿಯರ್ ದೊರೆಯ ಬಂಗಲೆಯಲ್ಲಿ, ಕ್ರಿಸ್‌ಮಸ್ ಊಟದ ಮೇಜಿನ ಅಂಚಿಗೆ ತಾನೇ ಹೆಣೆದ ಭತ್ತದ ತೆನೆಯ ತೋರಣ ಕಟ್ಟುತ್ತಿದ್ದ ಆಂಡಾಳ್, ದೊರೆಸಾನಿಯ ದನಿ ಕೇಳಿ ತಿರುಗಿದಳು.

"ಎಷ್ಟು ಚೆನ್ನ! ಇವಳು ಯಾರು?"

ಓವರ್‌ಸಿಯರ್ ಪಾರ್ಥಸಾರಥಿ ತನ್ನ ಹೆಂಡತಿ ಆಂಡಾಳಿನ ಮುಖ ನೋಡಲಿಲ್ಲ. ಬಡ್ತಿಯ ಆಸೆಗೆ, ದೊರೆಯ ಮೇಜು ಸಿಂಗರಿಸಲೆಂದು ಅವಳನ್ನು ಬೈದು ಕರೆತಂದವನು ಅವನೇ. ಈಗ ಅವಳ ಮಾಸಿದ ಸೀರೆ, ಬರಿಗಾಲು ಕಂಡು ನಾಚಿಕೆಯಾಯಿತು.

"ನಮ್ಮನೆ ಕೆಲಸದವಳು, ಮೇಡಂ."

ಆಂಡಾಳ್ ಮುಷ್ಟಿ ಬಿಗಿದಳು. ತೆನೆಯ ಕಾಳು ಬಿಳಿ ಬಟ್ಟೆಯ ಮೇಲೆ ಉದುರಿತು.

"ಹಾಗಾದರೆ ಇವಳು ಇಲ್ಲೇ ಇರಲಿ. ಕೋಳಿ ಬಡಿಸಬೇಕು, ತಟ್ಟೆ ತೊಳೀಬೇಕು. ಜನ ಸಾಲದು" ಎಂದಳು ದೊರೆಸಾನಿ.

ಪಾರ್ಥಸಾರಥಿ ಬಿಳಿಚಿಕೊಂಡ. ಈರುಳ್ಳಿಯನ್ನೂ ಒಳಗೆ ಬಿಡದ ಮನೆ ಅವರದು. ಹೆಂಡತಿಯ ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದ: "ಆಗಲ್ಲ ಅನ್ನು. ತಲೆನೋವು ಅನ್ನು."

ಆಂಡಾಳ್ ದನಿ ತಗ್ಗಿಸಲಿಲ್ಲ. "ನೀವೇ ಹೇಳಿ. ನಾನು ನಿಮಗೆ ಏನಾಗಬೇಕು ಅಂತ ಮೊದಲು ಅವರಿಗೆ ಹೇಳಿ."

ದೊರೆಸಾನಿ ಇಬ್ಬರನ್ನೂ ನೋಡಿದಳು. ಪಾರ್ಥಸಾರಥಿ ಬಗ್ಗಿ ಮೇಜಿನ ಮೇಲೆ ಉದುರಿದ ಕಾಳು ಆಯತೊಡಗಿದ.

ಆಂಡಾಳ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಇರ್ತೀನಿ, ಅಮ್ಮಾವ್ರೇ" ಎಂದು ಹೇಳಿ, ಗಂಡನ ಪಕ್ಕದಿಂದಲೇ ಹಾದು, ಕೋಳಿ ಬೇಯುತ್ತಿದ್ದ ಅಡುಗೆಮನೆಯತ್ತ ನಡೆದಳು.